ಮಕ್ಕಳ ಓದಿನಲ್ಲಿ ಕಹಿ ಬೇಕೆ?

(ನಮ್ಮ ಕೂಟದ ವಿಶೇಷ ಸಭೆಯಲ್ಲಿ ಅತಿಥಿಗಳು ನೀಡಿದ ಉಪನ್ಯಾಸದ ಲಿಖಿತ ರೂಪ)



ಕರ್ನಾಟಕದ ಪ್ರೌಢಶಾಲೆಗಳಲ್ಲಿ ಮೂರು ದಶಕಗಳ ಕಾಲ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಮಗಳ ಮನೆಗೆಂದು ಅಮೆರಿಕಕ್ಕೆ ಬಂದಿರುವಾಗ ನಿಮ್ಮೆದುರು ನಾಲ್ಕು ಮಾತನಾಡುವ ಅವಕಾಶ ದೊರೆತುದಕ್ಕೆ ಕೂಟದ ಪದಾಧಿಕಾರಿಗಳಿಗೆ ಕೃತಜ್ಞನಾಗಿದ್ದೇನೆ. ಇಲ್ಲಿನ ಕೆಲವು ತಂದೆತಾಯಿಯರು ನನ್ನನ್ನು ಕೇಳಿದ ಪ್ರಶ್ನೆಯೇ ಇಂದಿನ ವಿಷಯ: ಹಿಂಸೆ, ಸಾವು, ಅನ್ಯಾಯಗಳನ್ನು ಕುರಿತ ಪುಸ್ತಕಗಳನ್ನು ಶಾಲೆಯಲ್ಲಿ ಮಕ್ಕಳಿಂದ ಓದಿಸಬೇಕೆ?

ಈ ದೇಶದಲ್ಲಿ ಇದು ಕೇವಲ ತಾತ್ವಿಕ ಪ್ರಶ್ನೆಯಲ್ಲ. 2022ರ ಜನವರಿಯಲ್ಲಿ ಟೆನೆಸಿ ರಾಜ್ಯದ ಮ್ಯಾಕ್‌ಮಿನ್ ಕೌಂಟಿಯ ಶಾಲಾ ಮಂಡಳಿಯು ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್' ಎಂಬ ಚಿತ್ರಕಥೆಯನ್ನು ಎಂಟನೆಯ ತರಗತಿಯ ಪಾಠದಿಂದ ಸರ್ವಾನುಮತದಿಂದ ತೆಗೆದುಹಾಕಿತು. ನಾಜಿಗಳ ಶಿಬಿರಗಳಿಂದ ಬದುಕಿ ಬಂದ ತಮ್ಮ ತಂದೆಯ ಕಥೆಯನ್ನು, ಯಹೂದಿಗಳನ್ನು ಇಲಿಗಳಾಗಿಯೂ ನಾಜಿಗಳನ್ನು ಬೆಕ್ಕುಗಳಾಗಿಯೂ ಚಿತ್ರಿಸಿ, ಲೇಖಕರು ಅದರಲ್ಲಿ ಹೇಳಿದ್ದಾರೆ. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಪುರಸ್ಕಾರ ದೊರೆತಿತ್ತು. ಮಂಡಳಿ ಕೊಟ್ಟ ಮುಖ್ಯ ಕಾರಣಗಳು ಕೆಲವು ಒರಟು ಮಾತುಗಳು ಮತ್ತು ಒಂದು ನಗ್ನ ಚಿತ್ರ. ಲಕ್ಷಾಂತರ ಜನರ ಕೊಲೆಯ ಕಥೆಯನ್ನು ಸಭ್ಯ ಮಾತುಗಳಲ್ಲಷ್ಟೇ ಹೇಳಲಾದೀತೆ ಎಂದು ನನಗನಿಸಿತು.

ನಮ್ಮ ಹಿರಿಯರು ಮಕ್ಕಳಿಂದ ಸಾವನ್ನು ಮುಚ್ಚಿಡಲಿಲ್ಲ. ಗೋವಿನ ಹಾಡನ್ನು ನೆನೆಯಿರಿ. ಕರುವಿಗೆ ಕಡೆಯ ಬಾರಿ ಹಾಲೂಡಿಸಿ ಸಾಯಲು ಹೊರಟ ತಾಯಿ, ಕೊನೆಗೆ ತಾನೇ ಪ್ರಾಣ ಬಿಡುವ ಹುಲಿ. ಈ ಕಥೆಯನ್ನು ನಾವೆಲ್ಲರೂ ಎಳೆಯ ವಯಸ್ಸಿನಲ್ಲಿಯೇ ಕೇಳಿ ಅತ್ತವರು. ಆದರೆ ನಾವು ಒಂಟಿಯಾಗಿ ಅಳಲಿಲ್ಲ. ಹಾಡುವ ಅಜ್ಜಿಯೋ ಕಲಿಸುವ ಮೇಷ್ಟರೋ ಪಕ್ಕದಲ್ಲಿದ್ದರು. ಕಠಿಣ ವಿಷಯಗಳನ್ನು ಓದಿಸಬೇಕೆಂದು ನಾನು ಹೇಳುವಾಗ ಈ ಜೊತೆಯನ್ನೂ ಸೇರಿಸಿಯೇ ಹೇಳುತ್ತೇನೆ.

ತಂದೆತಾಯಿಯರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಏಳರ ಮಗುವಿಗೆ ಸಲ್ಲದ ಚಿತ್ರ ಹದಿಮೂರರ ಮಗುವಿಗೆ ಸಲ್ಲಬಹುದು. ವಯಸ್ಸು ನೋಡದೆ, ಸಿದ್ಧತೆಯಿಲ್ಲದೆ, ಪರೀಕ್ಷೆಗಾಗಿ ಮಾತ್ರ ಓದಿಸಿದರೆ ಕೆಡುಕೇ ಹೆಚ್ಚು. ಆದರೆ ಇಂದಿನ ಮಕ್ಕಳ ಕೈಯಲ್ಲಿ ಫೋನು ಇದೆ. ಯುದ್ಧ, ಕೊಲೆಗಳ ದೃಶ್ಯಗಳು ಯಾರ ಅಪ್ಪಣೆಗೂ ಕಾಯದೆ ಅವರನ್ನು ತಲುಪುತ್ತವೆ. ಅಲ್ಲಿ ವಿವರಿಸುವ ಗುರುವಿಲ್ಲ, ಶಾಲೆಯಲ್ಲಿ ಇದ್ದಾನೆ.

ಇನ್ನು ನಮಗೇ ಕಹಿಯಾದ ಮಾತು. ಗುಲಾಮಗಿರಿಯನ್ನೂ ಯಹೂದಿಗಳ ಹತ್ಯೆಯನ್ನೂ ಶಾಲೆ ಕಲಿಸಲಿ ಎನ್ನುವ ನಾವು, ಜಾತಿಯ ಪಾಠ ಬಂದಾಗ ಏಕೆ ಚಡಪಡಿಸುತ್ತೇವೆ? ಕ್ಯಾಲಿಫೋರ್ನಿಯಾದಲ್ಲಿ 2005-06ರಲ್ಲಿ ಆರನೆಯ ತರಗತಿಯ ಇತಿಹಾಸ ಪುಸ್ತಕಗಳ ಪರಿಷ್ಕರಣೆಯಾದಾಗ, ಮತ್ತೆ 2016ರಲ್ಲಿ ಪಠ್ಯಕ್ರಮದ ಪರಿಷ್ಕರಣೆಯಾದಾಗ, ಈ ವಿಷಯವಾಗಿ ಭಾರತೀಯರ ನಡುವೆಯೇ ತೀವ್ರ ವಾದ ನಡೆಯಿತು. ತರಗತಿಯಲ್ಲಿ ತಮ್ಮ ಮಗು ಪರಿಹಾಸ್ಯಕ್ಕೆ ಗುರಿಯಾದೀತೆಂಬ ಭಯ ಸುಳ್ಳಲ್ಲ. ಪಾಠ ತಪ್ಪಿದ್ದರೆ ತಿದ್ದಿಸಬೇಕು. ಆದರೆ ತಿದ್ದಿಸುವುದು ಬೇರೆ, ಅಳಿಸುವುದು ಬೇರೆ.

ಕಳೆದ ತಿಂಗಳು ನನ್ನ ಮೊಮ್ಮಗಳು ಅಂಥದೇ ಪಾಠವೊಂದನ್ನು ಹಿಡಿದು ಬಂದು, "ಅಜ್ಜ, ನಮ್ಮ ಮನೆಯಲ್ಲೂ ಹೀಗಿತ್ತಾ?" ಎಂದು ಕೇಳಿದಳು. ಇಲ್ಲವೆನ್ನುವುದು ಸುಲಭವಿತ್ತು. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರಿಗೆ ಹಿತ್ತಿಲಲ್ಲಿ ತೆಂಗಿನ ಕರಟದಲ್ಲಿ ಕಾಫಿ ಹೊಯ್ಯುತ್ತಿದ್ದುದನ್ನು, ಮೇಲಿನಿಂದ ಹೊಯ್ಯುತ್ತಿದ್ದವನು ನಾನೇ ಎಂಬುದನ್ನು ಹೇಳಿದೆ. "ನೀವು ಯಾಕೆ ಯಾರನ್ನೂ ಕೇಳಲಿಲ್ಲ?" ಎಂದಳು. ಉತ್ತರ ಕೊಡಲು ನನ್ನಿಂದಾಗಲಿಲ್ಲ. ಅದೇ ವಾರ ಶಿವರಾಮ ಕಾರಂತರ 'ಚೋಮನ ದುಡಿ'ಯ ಕಥೆಯನ್ನು ಅವಳಿಗೆ ಹೇಳಿದೆ. 1933ರಷ್ಟು ಹಿಂದೆಯೇ ಬಂದ ಆ ಕಾದಂಬರಿಯಲ್ಲಿ ನೀರಿನಲ್ಲಿ ಮುಳುಗುತ್ತಿರುವ ಚೋಮನ ಮಗನನ್ನು, ಮುಟ್ಟಬಾರದವನೆಂಬ ಕಾರಣಕ್ಕೆ, ಯಾರೂ ಎತ್ತುವುದಿಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಮರುದಿನ ಮತ್ತೆ ಪ್ರಶ್ನೆಗಳೊಡನೆ ನನ್ನ ಬಳಿಗೇ ಬಂದಳು. ನಾನು ಸುಳ್ಳು ಹೇಳಿದ್ದರೆ ಬರುತ್ತಿರಲಿಲ್ಲ.

ಆದುದರಿಂದ ನನ್ನ ವಿನಂತಿ ಇಷ್ಟೆ. ಶಾಲೆಯ ಪುಸ್ತಕಪಟ್ಟಿ ಕೈಗೆ ಬಂದಾಗ ಮೊದಲು ನೀವೇ ಆ ಪುಸ್ತಕವನ್ನು ಪೂರ್ತಿಯಾಗಿ ಓದಿ. ಸಂದೇಹವಿದ್ದರೆ ಉಪಾಧ್ಯಾಯರನ್ನು ಕಂಡು ಹೇಗೆ ಕಲಿಸುವಿರೆಂದು ಕೇಳಿ. ರಾತ್ರಿ ಊಟಕ್ಕೆ ಕುಳಿತಾಗ ಮಗು ಓದಿದ್ದನ್ನು ಅದರ ಬಾಯಿಂದಲೇ ಕೇಳಿ. ನಿಮ್ಮ ಮನೆತನದ ಕಥೆಯನ್ನೂ ಮುಚ್ಚಿಡದೆ ಹೇಳಿ, ಸಾಧ್ಯವಾದರೆ ಕನ್ನಡದಲ್ಲಿಯೇ ಹೇಳಿ.