ಅಪ್ಪ ಒತ್ತಿದ ‘ಮನೆ’ ಬಟನ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)



ಹತ್ತು ನಿಮಿಷ ಮಾತಾಡಬೇಕು, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಬೇಕು ಎಂದು ಸಮಿತಿಯವರು ಹೇಳಿದ್ದಾರೆ. ಬಿ.ಇ. ಮುಗಿಸಿ ಬೆಂಗಳೂರು ಸೇರಿದಾಗಿನಿಂದ ನಾನು ಮಾಡುತ್ತಿರುವುದು ವೆಬ್‌ಸೈಟ್ ಕಟ್ಟುವ ಕೆಲಸ. ವೆಬ್‌ಸೈಟ್ ನೋಡಲು ಚೆಂದ ಇರಬೇಕು, ಬೇಕಾದದ್ದು ತಡಕಾಡದೆ ಸಿಗಬೇಕು. ಇದು ಹೇಗೆ ಎನ್ನುವುದರ ಮೊದಲ ಪಾಠ ನನಗೆ ಸಿಕ್ಕಿದ್ದು ಇದೇ ಕತಗಾಲದಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ.

ಕೆಲವು ವರ್ಷಗಳ ಹಿಂದಿನ ಒಂದು ಜುಲೈ ತಿಂಗಳು. ತೋಟದ ಬೆಳೆಗೆ ಸಂಬಂಧಪಟ್ಟ ಒಂದು ಅರ್ಜಿಯನ್ನು ಅಪ್ಪ ಮೊಬೈಲಿನಲ್ಲೇ ತುಂಬಲು ಕುಳಿತರು. ಯಾವ ವೆಬ್‌ಸೈಟ್ ಎಂಬುದು ಇಲ್ಲಿ ಬೇಡ. ಮರುದಿನವೇ ಕೊನೆಯ ದಿನ. ಹೆಸರು, ಆಧಾರ್ ಸಂಖ್ಯೆ, ಸರ್ವೆ ನಂಬರು, ಬ್ಯಾಂಕ್ ಖಾತೆ, ಎಲ್ಲವನ್ನೂ ಒಂದೊಂದೇ ಅಕ್ಷರ ಹುಡುಕಿ ತುಂಬಿದರು. ಒಂದು ತಾಸು ಹಿಡಿಯಿತು. ಆಮೇಲೆ ವಿಳಾಸ ಕೇಳಿತು. ಪುಟದ ಮೇಲ್ಗಡೆ ‘ಮನೆ’ ಎಂದು ಒಂದು ಬಟನ್ ಇತ್ತು. ಮನೆ ವಿಳಾಸ ಬರೆಯುವುದು ಅಲ್ಲಿಯೇ ಇರಬೇಕು ಅಂದುಕೊಂಡು ಒತ್ತಿದರು. ತುಂಬಿದ್ದೆಲ್ಲ ಹೋಯಿತು.

ಇಂಗ್ಲಿಷಿನ ‘ಹೋಮ್’ ಅನ್ನು ಯಾವುದೋ ಯಂತ್ರ ‘ಮನೆ’ ಎಂದು ಕನ್ನಡ ಮಾಡಿತ್ತು. ‘ಮುಖಪುಟ’ ಎಂದು ಬರೆದಿದ್ದರೆ ಅಪ್ಪ ಅದರ ಸುದ್ದಿಗೇ ಹೋಗುತ್ತಿರಲಿಲ್ಲ.

ಎರಡನೇ ಸಲ ತುಂಬುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಬೆಳಿಗ್ಗೆ ಕುಮಟೆಗೆ ಹೋಗಿ ಮಾಡಿಸೋಣವೆಂದರೆ ಚಂಡಿಕಾ ಹೊಳೆ ಉಕ್ಕಿ ರಸ್ತೆಯ ಮೇಲೆ ನೀರು, ಬಸ್ಸಿಲ್ಲ. ಆ ಮಳೆಯ ವರ್ಣನೆ ನಿಮಗೆ ಬೇಕಿಲ್ಲ. ಅರ್ಜಿ ಹೋಗಲಿಲ್ಲ. ಆ ವರ್ಷ ತೋಟಕ್ಕೆ ಕೊಳೆ ರೋಗವೂ ಬಂತು.

ಅಂದು ರಾತ್ರಿ ಫೋನಿನಲ್ಲಿ ಅಪ್ಪ ಹೇಳಿದ್ದು ಇಷ್ಟೇ: “ತಮಾ, ನಂದೇ ತಪ್ಪು. ನಂಗೆ ಇದೆಲ್ಲ ತಿಳೂದಿಲ್ಲ.”

ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಅದೇ ವಾರ ನಾನು ಕಟ್ಟಿ ಮುಗಿಸಿದ್ದ ಒಂದು ಪುಟದಲ್ಲೂ, ಅರ್ಜಿಯನ್ನು ಅರ್ಧಕ್ಕೆ ಬಿಟ್ಟು ಬೇರೆಲ್ಲೋ ಒತ್ತಿದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು. ಬಳಸುವವರು ಜಾಗ್ರತೆಯಿಂದ ಇರುತ್ತಾರೆ ಎಂದುಕೊಂಡು ಸುಮ್ಮನಿದ್ದೆ. ನನ್ನ ಪುಟದ ಎದುರು ಎಷ್ಟು ಜನ ‘ನಂದೇ ತಪ್ಪು’ ಅಂದುಕೊಂಡರೋ! ನಲವತ್ತು ವರ್ಷ ತೋಟ ನೋಡಿಕೊಂಡ, ಮಳೆಗಾಲಕ್ಕೆ ಮೊದಲೇ ಯಾವ ಮರಕ್ಕೆ ಏನಾಗಬಹುದೆಂದು ಹೇಳುವ ಮನುಷ್ಯ, ಒಂದು ಅಂಗೈ ಅಗಲದ ಪರದೆಯ ಎದುರು ದಡ್ಡನಾಗುತ್ತಾನೆ ಎಂದರೆ ತಪ್ಪು ಪರದೆಯದ್ದು. ಅದನ್ನು ಕಟ್ಟಿದ ನನ್ನಂಥವರದ್ದು.

ಚೆನ್ನಾಗಿ ಯೋಚಿಸಿ ಮಾಡಿದ ಉದಾಹರಣೆಯೂ ನಮ್ಮಲ್ಲೇ ಇದೆ. 2000ನೇ ಇಸವಿಯ ಸುಮಾರಿಗೆ ಕರ್ನಾಟಕ ಸರಕಾರ ‘ಭೂಮಿ’ ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಸುಮಾರು 2 ಕೋಟಿ ದಾಖಲೆಗಳು. ತಾಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅದಕ್ಕಿಂತ ನನಗೆ ಹಿಡಿಸಿದ್ದು ಬೇರೆ ಒಂದು ಸಂಗತಿ. ಆ ಕೌಂಟರಿನಲ್ಲಿ ಸಿಬ್ಬಂದಿಗೆ ಒಂದು ಪರದೆಯಾದರೆ, ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇಟ್ಟಿದ್ದರು. ತನ್ನ ಜಮೀನಿನ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ರೈತನೂ ನೋಡಲಿ ಎಂದು. ವಿನ್ಯಾಸ ಎಂದರೆ ಬಣ್ಣ ಬಳಿಯುವುದು ಎಂದು ತಿಳಿದವರಿಗೆ ಇಂಥದ್ದು ಹೊಳೆಯುವುದಿಲ್ಲ.

ಈಗ ಮನೆಯಲ್ಲೇ ಕುಳಿತು ಪಹಣಿ ನೋಡುವಾಗಲೂ ಅದು ಕೇಳುವ ಕ್ರಮ ಗಮನಿಸಿ: ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. ನಮ್ಮವರು ತಮ್ಮ ಜಮೀನು ಎಲ್ಲಿದೆ ಎಂದು ಬಾಯಲ್ಲಿ ಹೇಳುವುದೂ ಹೀಗೆಯೇ. ಜನರ ತಲೆಯಲ್ಲಿ ಮೊದಲೇ ಇರುವ ದಾರಿಯಲ್ಲಿ ಪುಟ ನಡೆದರೆ ಯಾರೂ ದಾರಿ ಕಲಿಯಬೇಕಾಗಿಲ್ಲ. ಎಷ್ಟೋ ಕಚೇರಿಗಳ ವೆಬ್‌ಸೈಟ್ ತಮ್ಮ ವಿಭಾಗಗಳ ಹೆಸರಿನಲ್ಲಿ ಪಟ್ಟಿ ಮಾಡಿರುತ್ತವೆ. ಯಾವ ವಿಭಾಗ ಯಾವ ಕೆಲಸ ಮಾಡುತ್ತದೆ ಎಂಬುದು ಒಳಗಿನವರಿಗೆ ಮಾತ್ರ ಗೊತ್ತು.

ಇನ್ನೊಂದು, ತಾನು ಎಲ್ಲಿದ್ದೇನೆ ಎಂಬುದು ಓದುವವನಿಗೆ ಯಾವಾಗಲೂ ತಿಳಿಯಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವಾಗ ನಸುಕಿನಲ್ಲಿ ಎಚ್ಚರಾದರೆ ನಾವು ಮೊದಲು ಮಾಡುವುದೇನು? ಕಿಟಕಿಯಿಂದ ಹೊರಗೆ ನೋಡಿ ಅಂಗಡಿಯ ಬೋರ್ಡು ಹುಡುಕುತ್ತೇವೆ. ಇನ್ನೂ ಶಿರಸಿಯೋ, ದೇವಿಮನೆ ಘಟ್ಟ ಇಳಿಯಿತೋ? ಗೂಗಲ್‌ನಲ್ಲಿ ಹುಡುಕಿ ನೇರವಾಗಿ ಒಳಪುಟಕ್ಕೆ ಬಂದವನ ಸ್ಥಿತಿಯೂ ಹಾಗೆಯೇ. ಪುಟದ ಮೇಲೆ ಊರಿನ ಬೋರ್ಡಿನ ಹಾಗೆ ಒಂದು ತಲೆಬರಹ ಇರಬೇಕು, ಹಿಂದಕ್ಕೆ ಹೋಗುವ ದಾರಿ ಎಲ್ಲ ಪುಟದಲ್ಲೂ ಒಂದೇ ಜಾಗದಲ್ಲಿ ಕಾಣಬೇಕು.

ಚೆಂದದ ಮಾತಿಗೆ ಬರುತ್ತೇನೆ. ನಮ್ಮ ಗಣಿತದ ಮಾಸ್ತರು ಕರಿಹಲಗೆಯ ಎಡಗಡೆ ಒಂದು ಗೆರೆ ಎಳೆದು, ಸೂತ್ರಗಳನ್ನು ಹಳದಿ ಸುಣ್ಣದಕಡ್ಡಿಯಲ್ಲಿ ಅಲ್ಲಿ ಬರೆಯುತ್ತಿದ್ದರು. ಲೆಕ್ಕ ಮಾತ್ರ ಬಿಳಿ. ಹಿಂದಿನ ಬೆಂಚಿನಲ್ಲಿ ಕುಳಿತ ನಮಗೂ ಸೂತ್ರ ಯಾವುದು, ಲೆಕ್ಕ ಯಾವುದು ಎಂದು ಕೂಡಲೇ ಗೊತ್ತಾಗುತ್ತಿತ್ತು. ಬಣ್ಣಕ್ಕೆ ಒಂದು ಅರ್ಥವಿದ್ದರೆ ಅದನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು. ಯಕ್ಷಗಾನದಲ್ಲಿ ಬಣ್ಣದ ವೇಷ ಬಂದರೆ ರಾಕ್ಷಸ ಎಂದು ಸಣ್ಣ ಮಕ್ಕಳಿಗೂ ತಿಳಿಯುತ್ತದೆ. ಅದೇ ವೇಷದಲ್ಲಿ ಮರುದಿನ ಧರ್ಮರಾಯ ಬಂದರೆ ಹೇಗೆ? ಒಂದು ಪುಟದಲ್ಲಿ ಕೆಂಪು ಬಟನ್ ‘ಅಳಿಸಿ’, ಇನ್ನೊಂದರಲ್ಲಿ ಅದೇ ಕೆಂಪು ‘ಸಲ್ಲಿಸಿ’ ಆದರೆ ಹಾಗೆಯೇ ಆಗುತ್ತದೆ.

ಖಾಲಿ ಜಾಗವೂ ಬೇಕು. ಅಡಿಕೆ ಸಸಿಗೆ 9 ಅಡಿ ಅಂತರ ಯಾಕೆ ಬಿಡುತ್ತೇವೆ ಎಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಕ್ಷರ ಕಾಣಬೇಕು. ಬಿಳಿಯ ಮೇಲೆ ತಿಳಿಬೂದು ಅಕ್ಷರ ನಮ್ಮ ಹವಾನಿಯಂತ್ರಿತ ಆಫೀಸಿನಲ್ಲಿ ಬಹಳ ಸೊಗಸು. ಅದೇ ಪುಟವನ್ನು ಅಡಿಕೆ ಒಣಗಿಸುವ ಅಂಗಳದ ಬಿಸಿಲಿನಲ್ಲಿ ತೆರೆದು ನೋಡಿ, ಏನೂ ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಕಡಿಮೆ ಎಂದರೆ 4.5ಕ್ಕೆ 1 ಇರಬೇಕು ಎಂದು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಲ್ಲೇ ಹೇಳಿದೆ. ಅಪ್ಪಟ ಬಿಳಿಯ ಮೇಲೆ ಅಪ್ಪಟ ಕಪ್ಪು ಅಂದರೆ 21ಕ್ಕೆ 1. ಅಳೆದು ನೋಡಲು ಪುಕ್ಕಟೆ ಸಾಧನಗಳಿವೆ. ಆದರೂ ಅಳೆಯುವವರು ಕಡಿಮೆ.

ಕನ್ನಡದ ಪುಟಕ್ಕೆ ಇನ್ನೂ ಒಂದು ತೊಂದರೆ. ನಾವು ಪುಟವನ್ನು ಇಂಗ್ಲಿಷಿಗೆ ಅಳತೆ ಮಾಡಿ ಹೊಲಿದು, ಆಮೇಲೆ ಕನ್ನಡಕ್ಕೆ ತೊಡಿಸುತ್ತೇವೆ. ‘ರಾಷ್ಟ್ರ’ ಎಂದು ಬರೆದು ನೋಡಿ, ಒತ್ತಕ್ಷರ ಎಷ್ಟು ಕೆಳಗೆ ಇಳಿಯುತ್ತದೆ. ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏರುತ್ತದೆ. ಸಾಲುಗಳ ನಡುವೆ ಅಂತರ ಕಡಿಮೆಯಾದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಸಾಲಿನ ಅಂತರವನ್ನು ಕಡಿಮೆ ಮಾಡದಿರುವುದು ಈಗ ನನ್ನ ರೂಢಿ. ಬಟನ್ನುಗಳ ಕತೆಯೂ ಹೀಗೆಯೇ. ‘ನೆಕ್ಸ್ಟ್’ಗೆಂದು ಮಾಡಿದ ಪೆಟ್ಟಿಗೆಯಲ್ಲಿ ‘ಮುಂದುವರಿಯಿರಿ’ ಎಂಬುದು ‘ಮುಂದುವ...’ ಎಂದು ನಿಂತುಬಿಡುತ್ತದೆ. ಕನ್ನಡದಲ್ಲಿ ಮೊದಲು ಬರೆದು, ಆಮೇಲೆ ಪೆಟ್ಟಿಗೆ ಕಟ್ಟಬೇಕು.

ಇಷ್ಟೆಲ್ಲ ಹೇಳಿದರೂ ನಾನು ನಂಬುವ ಪರೀಕ್ಷೆ ಒಂದೇ. ಪುಟವನ್ನು ಹಿಂದೆ ಎಂದೂ ನೋಡದ ನಾಲ್ಕೈದು ಜನರ ಕೈಗೆ ಫೋನ್ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು. ಬಾಯಿ ಮುಚ್ಚಿಕೊಳ್ಳುವುದೇ ಬಹಳ ಕಷ್ಟ. “ಅಲ್ಲಿ ಒತ್ತಿ” ಎಂದು ಹೇಳಲು ನಾಲಿಗೆ ತುರಿಸುತ್ತದೆ. ನಾನು ಮೊದಲು ಕೂರಿಸಿದ್ದು ಅಪ್ಪನನ್ನು. ಹತ್ತು ನಿಮಿಷದಲ್ಲಿ ನನ್ನ ಪುಟದಲ್ಲಿ ಏಳು ಕಡೆ ಎಡವಿದರು. ಏಳನ್ನೂ ಸರಿಮಾಡಿದೆ. ತುಂಬಿದ ಅರ್ಜಿ ಈಗ ತಾನಾಗಿ ಉಳಿದುಕೊಳ್ಳುತ್ತದೆ.

ಈಗ ಶಾಲೆಗೆ ಒಂದು ವೆಬ್‌ಸೈಟ್ ಮಾಡಿಕೊಡು ಎಂದು ಸಮಿತಿಯವರು ಕೇಳಿದ್ದಾರೆ, ಒಪ್ಪಿದ್ದೇನೆ. ಮೊದಲ ಪುಟದಲ್ಲಿ ಸಮಾರಂಭದ ದೊಡ್ಡ ಫೋಟೋಗಳು ಓಡುತ್ತಿರಬೇಕು ಎಂಬುದು ಕೆಲವರ ಆಸೆ. ಗಣ್ಯರು ಕ್ಷಮಿಸಬೇಕು, ಫೋಟೋಗಳಿಗೆ ಒಳಗೊಂದು ಪುಟ ಇಡೋಣ. ಮೊದಲ ಪುಟದಲ್ಲಿ ಒಬ್ಬ ತಾಯಿ ಹುಡುಕುವುದು ಇರಲಿ: ಎಂಟನೇ ತರಗತಿಗೆ ಸೇರಿಸಲು ಯಾವ ಕಾಗದ ಬೇಕು, ಟಿ.ಸಿ.ಗೆ ಯಾರನ್ನು ಕೇಳಬೇಕು, ಮಳೆಗೆ ನಾಳೆ ರಜೆಯೋ ಅಲ್ಲವೋ.

ಒಂದು ಮಾದರಿ ಪುಟ ನನ್ನ ಫೋನಿನಲ್ಲಿದೆ. ಊಟದ ನಂತರ ಎಂಟನೇ ತರಗತಿಯ ಕೋಣೆಯಲ್ಲಿ ಕುಳಿತಿರುತ್ತೇನೆ. ಮೊಬೈಲಿನಲ್ಲಿ ಒಂದೂ ಅರ್ಜಿ ತುಂಬದ ಐದು ಜನ ಬೇಕು. ಅಪ್ಪ ಬರುವಂತಿಲ್ಲ, ಅವರಿಗೆ ಈಗ ಎಲ್ಲ ಗೊತ್ತಾಗಿಬಿಟ್ಟಿದೆ.