ಲಕ್ಷ ದಾಟಿದ ಗಾಡಿಗೆ ಮೊದಲು ಏನು?

ದೀಪಾವಳಿ ಹತ್ತಿರ ಬಂತೆಂದರೆ ಪುಣೆಯ ಸ್ವಾರಗೇಟಿನ ಸುತ್ತಲಿನ ಗ್ಯಾರೇಜುಗಳಲ್ಲಿ ಒಂದೇ ಪ್ರಶ್ನೆ. ‘ಗಾಡಿ ಲಕ್ಷ ಕಿಲೋಮೀಟರ್ ದಾಟೇದ್ರಿ. ದೊಡ್ಡ ಸರ್ವಿಸ್ ಅಂತ ಇಷ್ಟುದ್ದ ಪಟ್ಟಿ ಕೊಟ್ಟಾರ. ಎಲ್ಲಾ ಮಾಡಸಬೇಕೇನು, ಮಾರಿಬಿಡ್ಲೇನು?’ ನನಗೆ ಬಂದಿರುವ ಪತ್ರಗಳಲ್ಲಿಯೂ ಇದೇ ಚಿಂತೆ. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಹಬ್ಬಕ್ಕೆ ಹೊರಟವರು, ಬಸ್ಸಿನ ಗದ್ದಲ ಬೇಡವೆಂದು ಸ್ವಂತ ಗಾಡಿ ತೆಗೆಯುವವರು, ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದಾರೆ.

ಆಯಿಲು, ಫಿಲ್ಟರು, ಟೈರಿನ ಗಾಳಿ, ಇವನ್ನು ಇಲ್ಲಿ ಹೇಳುವುದಿಲ್ಲ. ಗಾಡಿ ಇಟ್ಟವರಿಗೆ ಅವು ಗೊತ್ತಿರುವಂಥವೇ. ಪಟ್ಟಿಯನ್ನು ಎರಡಾಗಿ ಸೀಳುವುದು ಹೇಗೆ ಎನ್ನುವುದಷ್ಟೇ ಇವತ್ತಿನ ಮಾತು.

ಕೆಡುವ ಮೊದಲು ಕೂಗಿ ಹೇಳುವ ಭಾಗಗಳಿವೆ. ಬುಷ್ ಸವೆದರೆ ಗಾಡಿ ಗುಂಡಿಗೆ ಇಳಿದಾಗಲೆಲ್ಲ ಟಕ್ ಎನ್ನುತ್ತದೆ. ಕ್ಲಚ್ ಪ್ಲೇಟ್ ಮುಗಿಯುತ್ತ ಬಂದರೆ ಏರಿನಲ್ಲಿ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ವ್ಹೀಲ್ ಬೇರಿಂಗು ಗುಂಯ್‌ಗುಡುತ್ತದೆ. ಇವೆಲ್ಲ ವಾರವೋ ತಿಂಗಳೋ ಅವಕಾಶ ಕೊಡುತ್ತವೆ. ಬೇರಿಂಗಿನ ಸದ್ದು ಕಿವಿಗೆ ಬಿದ್ದಿದ್ದರೆ ಅದನ್ನು ಊರಿಗೆ ಹೊರಡುವ ಮುಂಚೆಯೇ ಮುಗಿಸಿ. ಉಳಿದದ್ದನ್ನು ಈ ತಿಂಗಳು ಇಷ್ಟು, ಮುಂದಿನ ತಿಂಗಳು ಅಷ್ಟು ಎಂದು ಹಂಚಿಕೊಳ್ಳಬಹುದು. ಇನ್ನು ಕೆಲವು ಭಾಗಗಳು ಕೊನೆಯ ನಿಮಿಷದವರೆಗೂ ಸುಮ್ಮನಿರುತ್ತವೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅದು ಮೊದಲು ಹೋಗಬೇಕಾದದ್ದು ಇವಕ್ಕೆ. ಗಿರಾಕಿಗಳು ಮಾಡುವುದು ಉಲ್ಟಾ. ಸದ್ದು ಮಾಡುವುದನ್ನು ಮೊದಲು ರಿಪೇರಿ ಮಾಡಿಸುತ್ತಾರೆ, ಸುಮ್ಮನಿರುವುದನ್ನು ‘ಚೆನ್ನಾಗೇ ಇದೆಯಲ್ಲ’ ಎಂದು ಮುಂದೂಡುತ್ತಾರೆ.

ಸುಮ್ಮನಿರುವವರಲ್ಲಿ ಟೈಮಿಂಗ್ ಬೆಲ್ಟ್ ಒಬ್ಬ. ಇದೇ ಪುಣೆಯ ಪಿಂಪರಿಯಲ್ಲಿ ತಯಾರಾದ ಇಂಡಿಕಾ ಡೀಸೆಲ್, ಹಳೆಯ ಇನ್ನೋವಾ 2.5 ಡೀಸೆಲ್, ಡಸ್ಟರ್ ಡೀಸೆಲ್, ಇವುಗಳಲ್ಲಿ ಎಂಜಿನ್ನಿನ ಕವಾಟಗಳನ್ನು ತಾಳಕ್ಕೆ ಸರಿಯಾಗಿ ತೆರೆದು ಮುಚ್ಚಿಸುವುದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 20ಕ್ಕೂ ಹೆಚ್ಚು ಸಲ ತೆರೆದು ಮುಚ್ಚುತ್ತದೆ. ಪಟ್ಟಿ ಹರಿದರೆ ತೆರೆದ ಕವಾಟ ತೆರೆದಲ್ಲೇ ನಿಲ್ಲುತ್ತದೆ, ಕೆಳಗಿನಿಂದ ಪಿಸ್ಟನ್ ಬಂದು ಅದಕ್ಕೆ ಗುದ್ದುತ್ತದೆ. ಬೆಲ್ಟ್ ಬದಲಿಸುವ ಖರ್ಚು ಹೋಗಿ ಎಂಜಿನ್ ಬಿಚ್ಚುವ ಖರ್ಚು ಬರುತ್ತದೆ. ಮ್ಯಾನ್ಯುಅಲ್ಲಿನಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು, ಎಂದು ಬರೆದಿರುತ್ತದೆ. ‘ನಮ್ಮ ಗಾಡಿ ಓಡೇ ಇಲ್ಲ’ ಎನ್ನುವವರು ಆ ವರ್ಷದ ಲೆಕ್ಕವನ್ನು ಓದಿರುವುದಿಲ್ಲ. ನಿಂತ ಗಾಡಿಯಲ್ಲೂ ರಬ್ಬರಿಗೆ ವಯಸ್ಸಾಗುತ್ತದೆ. ಸ್ವಿಫ್ಟ್ ಡೀಸೆಲ್‌ನಂಥವುಗಳಲ್ಲಿ ಚೈನ್ ಇದೆ. ಅದು ಸಡಿಲವಾದರೆ ಸಾಮಾನ್ಯವಾಗಿ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಗಲಗಲ ಎಂದು ತಿಳಿಸುತ್ತದೆ. ಬೆಲ್ಟ್ ಬದಲಿಸುವಾಗ ಟೆನ್ಷನರ್, ಐಡ್ಲರ್, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದು, ಎಲ್ಲ ಒಟ್ಟಿಗೇ ಹೋಗಲಿ. ಈ ಎಲ್ಲದರ ಕಿಟ್ ನಾನಾ ಪೇಠೆಯಲ್ಲಿ ಸಿಗುತ್ತದೆ. ಬಿಲ್ಲಿಲ್ಲದೆ ತರಬೇಡಿ.

ಬೆಲ್ಟಿಗೆ ಇನ್ನೂ ಸಮಯ ಕೊಡಬೇಕೆಂದಿದ್ದೆ. ಆದರೆ ಪತ್ರಗಳನ್ನು ಓದಿದ ಮೇಲೆ ಬ್ರೇಕ್ ಆಯಿಲ್ಲಿನ ಮಾತು ಆಡದೆ ಇರಲಾರೆ. ಅಷ್ಟೂ ಪತ್ರಗಳಲ್ಲಿ ಒಬ್ಬರೂ ಅದರ ಹೆಸರೆತ್ತಿಲ್ಲ!

ಬ್ರೇಕ್ ಪೆಡಲ್ ಒತ್ತಿದಾಗ ನಿಮ್ಮ ಕಾಲಿನ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಆ ದ್ರವ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಹಾಗಾಗಿಯೇ ಬ್ರೇಕ್ ಹಿಡಿಯುತ್ತದೆ. ಈ ದ್ರವಕ್ಕೊಂದು ಚಟವಿದೆ: ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಬಿಚ್ಚಿಟ್ಟ ಉಪ್ಪಿನ ಹಾಗೆ. ಗಾಡಿಯಲ್ಲಿ ಅದು ತುಂಬಿರುವ ಡಬ್ಬಿಯ ಮುಚ್ಚಳದ ಸಂದಿನಿಂದ, ರಬ್ಬರ್ ಹೋಸುಗಳ ಮೂಲಕ, ವರ್ಷಗಟ್ಟಲೆ ನೀರು ಸೇರುತ್ತಲೇ ಇರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕಡೇಪಕ್ಷ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ನೂರಕ್ಕೆ 4 ಪಾಲಿಗಿಂತಲೂ ಕಡಿಮೆ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ.

ಕುದಿದರೆ ಏನಾಗುತ್ತದೆ? ಆವಿಯ ಗುಳ್ಳೆ ಏಳುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ನೀವು ಪೆಡಲ್ ಒತ್ತುತ್ತೀರಿ, ಗುಳ್ಳೆ ಕುಗ್ಗುತ್ತದೆ, ಪೆಡಲ್ ತಳಕ್ಕೆ ಹೋಗುತ್ತದೆ, ಚಕ್ರಕ್ಕೆ ಏನೂ ಮುಟ್ಟುವುದಿಲ್ಲ. ಪ್ಯಾಡ್ ಹೊಸದಿರಲಿ, ಡಿಸ್ಕ್ ಹೊಸದಿರಲಿ, ಏನೂ ಮುಟ್ಟುವುದಿಲ್ಲ.

ಊರಿನ ಟ್ರಾಫಿಕ್ಕಿನಲ್ಲಿ, ಜೇಧೆ ಚೌಕದ ಸಿಗ್ನಲ್ಲಿನಲ್ಲಿ, ಇದು ಎಂದೂ ಗೊತ್ತಾಗುವುದಿಲ್ಲ. ಅಲ್ಲಿ ಬ್ರೇಕ್ ಅಷ್ಟು ಬಿಸಿಯಾಗುವುದೇ ಇಲ್ಲ. ಗೊತ್ತಾಗುವುದು ಘಾಟಿನಲ್ಲಿ. ಲೆಕ್ಕ ಹಾಕಿ ನೋಡಿ: ಒಂದು ಟನ್ ತೂಕದ ಗಾಡಿ 200 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ, ಆರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಆ ಬ್ರೇಕುಗಳಲ್ಲಿ ಹುಟ್ಟುತ್ತದೆ. ಮನೆಮಂದಿ, ಹಬ್ಬದ ಸಾಮಾನು ಸೇರಿದರೆ ಇನ್ನೂ ಹೆಚ್ಚು.

ಖಂಬಾಟ್ಕಿ ಘಾಟ್ ಇಳಿದು ಬಂದ ಗಿರಾಕಿಯೊಬ್ಬರು ಒಮ್ಮೆ ಬೆವರುತ್ತ ಹೇಳಿದರು, ಪೆಡಲ್ ಸ್ಪಂಜಿನಂತಾಗಿ ಒಳಗೆ ಹೋಯಿತು ಎಂದು. ದಾರಿಯಲ್ಲಿ ಯಾವುದೋ ಗ್ಯಾರೇಜಿನಲ್ಲಿ ತೋರಿಸಿದರಂತೆ. ಅಲ್ಲಿಯವರು ಒತ್ತಿ ನೋಡಿ, ಬ್ರೇಕ್ ಗಟ್ಟಿಯಾಗಿದೆ, ನಿಮಗೆ ಭಾಸ ಎಂದರಂತೆ. ಭಾಸ ಅಲ್ಲ ಸ್ವಾಮಿ! ಅಷ್ಟರಲ್ಲಿ ಗಾಡಿ ತಣ್ಣಗಾಗಿತ್ತು, ಆವಿ ಮತ್ತೆ ದ್ರವವಾಗಿತ್ತು. ಈ ರೋಗ ವೈದ್ಯರ ಮುಂದೆ ಕಾಣಿಸಿಕೊಳ್ಳುವುದಿಲ್ಲ. ಅದಕ್ಕೇ ಹೇಳುವುದು, ಪರೀಕ್ಷೆಗೆ ಕಾಯದೆ ತಾರೀಖು ನೋಡಿ ಬದಲಿಸಿ. ಹೆಚ್ಚಿನ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ.

‘ಡಬ್ಬಿ ಫುಲ್ ಇದೆ’ ಎನ್ನುವವರು ಬಹಳ. ಫುಲ್ ಇದ್ದರೇನು? ಒಳಗೆ ನೀರೂ ಇದೆ. ಮೇಲಿಂದ ಸ್ವಲ್ಪ ಸುರಿಯುವುದು ಬದಲಿಸಿದಂತಲ್ಲ. ಹಳೆಯದನ್ನು ನಾಲ್ಕೂ ಚಕ್ರದ ನಿಪ್ಪಲ್ಲಿನಿಂದ ಹೊರತೆಗೆದು, ಹೊಸದು ಬರುವವರೆಗೆ ಬ್ಲೀಡ್ ಮಾಡಬೇಕು. ಪಕ್ಕದಲ್ಲಿ ನಿಂತು ನೋಡಿ. ಸೀಲ್ ಒಡೆಯದ ಬಾಟಲಿಯನ್ನು ನಿಮ್ಮೆದುರೇ ತೆರೆಯಲಿ. ಹೋದ ವರ್ಷ ಉಳಿದ ಅರ್ಧ ಬಾಟಲಿ ಬೇಡ, ಅದೂ ಅಷ್ಟು ದಿನ ತೇವ ಕುಡಿದಿರುತ್ತದೆ. ಡಬ್ಬಿಯಲ್ಲಿ ಮಟ್ಟ ತಾನಾಗಿ ಇಳಿದಿದ್ದರೆ ಸೋರಿಕೆ ಇರಬಹುದು, ಅಥವಾ ಪ್ಯಾಡ್ ಸವೆದಿರಬಹುದು. ಎರಡನ್ನೂ ನೋಡದೆ ಸುರಿದು ಕಳುಹಿಸಿದರೆ ಸುಳಿವು ಮುಚ್ಚಿಹೋಯಿತು.

ಅಷ್ಟಾದರೂ ಘಾಟಿನಲ್ಲಿ ಗೇರ್ ಬಿಟ್ಟು ನ್ಯೂಟ್ರಲ್ಲಿನಲ್ಲಿ ಇಳಿದರೆ ಏನೂ ಪ್ರಯೋಜನವಿಲ್ಲ. ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿ! ಈಗಿನ ಇಂಜೆಕ್ಷನ್ ಗಾಡಿ ಗೇರಿನಲ್ಲಿಯೇ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಬದುಕಿರಲು ಕುಡಿಯುತ್ತಲೇ ಇರಬೇಕು. ಎಂಜಿನ್ನನ್ನೇ ಆರಿಸಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಊರಿಂದ ಪುಣೆಗೆ ಮರಳುವಾಗ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಇಳಿಜಾರು. 2022ರ ನವೆಂಬರಿನಲ್ಲಿ ಅಲ್ಲಿ ಒಂದೇ ಟ್ರಕ್ಕಿನಿಂದ ಹತ್ತಾರು ವಾಹನಗಳಿಗೆ ಪೆಟ್ಟಾಯಿತು. ಟ್ರಕ್ಕಿನ ಬ್ರೇಕ್ ಬೇರೆ ಜಾತಿ, ಅದು ಗಾಳಿಯದು. ಇಳಿಜಾರು ಮಾತ್ರ ಎಲ್ಲರಿಗೂ ಅದೇ. ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಮತ್ತೆ ಹೇಳುತ್ತೇನೆ: ಹತ್ತುವ ಗೇರಿನಲ್ಲೇ ಇಳಿಯಿರಿ.

ಅಯ್ಯೋ, ಗಡಿಯಾರ ಓಡಿದೆ. ಯಾವಾಗ ಮಾಡಿಸಬೇಕು ಎಂದು ಕೇಳಿದವರಿಗೆ ಎರಡು ಮಾತು. ಹಬ್ಬದ ಹಿಂದಿನ ವಾರ ಬೇಡ. ಆಗ ಗ್ಯಾರೇಜುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕೆಲಸ ಅವಸರದ್ದಾಗುತ್ತದೆ. ಮೂರು ನಾಲ್ಕು ವಾರ ಮೊದಲೇ ಮಾಡಿಸಿ, ಆಮೇಲೆ ಊರೊಳಗೆ, ಸಿಂಹಗಡದ ಕಡೆ, ಓಡಿಸಿ ನೋಡಿ. ಬಿಚ್ಚಿದ್ದನ್ನು ಜೋಡಿಸುವಾಗ ಆದ ತಪ್ಪುಗಳು ಹೆಚ್ಚಾಗಿ ಮೊದಲ ಒಂದೆರಡು ನೂರು ಕಿಲೋಮೀಟರಿನಲ್ಲಿ ಸೋರಿಕೆಯಾಗಿಯೋ ಸದ್ದಾಗಿಯೋ ಹೊರಬೀಳುತ್ತವೆ. ಅದು ನಿಪ್ಪಾಣಿಯ ಹೆದ್ದಾರಿಯಲ್ಲಿ ಆಗುವುದಕ್ಕಿಂತ ಮನೆಯ ಹತ್ತಿರ ಆಗಲಿ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಬೆಲ್ಟ್ ಮತ್ತು ಬ್ರೇಕ್ ಆಯಿಲ್ ಬದಲಿಸಿದ ತಾರೀಖು, ಮೀಟರಿನ ಅಂಕಿ, ಎರಡನ್ನೂ ಬಾನೆಟ್ಟಿನ ಒಳಬದಿ ಚೀಟಿಯಲ್ಲಿ ಬರೆಸಿ ಅಂಟಿಸಿ.

ಹಳೆಯ ಗಾಡಿ ಕೊಂಡವರು, ಹಿಂದಿನ ಮಾಲೀಕರು ‘ಎಲ್ಲಾ ಆಗೇದ’ ಎಂದದ್ದನ್ನು ಬಿಲ್ ನೋಡದೆ ನಂಬಬೇಡಿ. ಬಿಲ್ ಇಲ್ಲವೆಂದರೆ ಈ ಎರಡೂ ಆಗಿಲ್ಲ ಎಂದೇ ಹಿಡಿಯಿರಿ.

ಕೂಲಂಟ್ ಬದಲು ಬೋರಿನ ನೀರು ಹಾಕಬಹುದೇ ಎಂದು ಕೇಳಿದವರಿಗೆ ಮುಂದಿನ ಸಲ ವಿವರ ಹೇಳುತ್ತೇನೆ. ಅಲ್ಲಿಯತನಕ ಹಾಕಬೇಡಿ.