ಗಾಮಾ ಮಿಂಚಿನ ದಿಕ್ಕು

ಎಣ್ಣೂರಿನ ಕಡಲದಂಡೆಯಿಂದ ಉತ್ತರಕ್ಕೆ ಹೋದರೆ ಪುಲಿಕಾಟ್ ಸರೋವರ, ಅದರಾಚೆ ಶ್ರೀಹರಿಕೋಟಾ. ಬೆಂಗಳೂರಿನಲ್ಲಿ ಸಿದ್ಧವಾದ ಆಸ್ಟ್ರೋಸ್ಯಾಟ್ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಬೆಳಿಗ್ಗೆ 10 ಗಂಟೆಗೆ ಮೇಲೇರಿದ್ದು ಅಲ್ಲಿಂದಲೇ. ಅದು ಹಿಡಿಯುವ ಗಾಮಾ ಕಿರಣ ಸ್ಫೋಟಗಳ ಕಥೆ ಮಾತ್ರ ಇನ್ನೂ ಹಳೆಯದು.

ಸೋವಿಯತ್ ಒಕ್ಕೂಟ ಗುಟ್ಟಾಗಿ ಅಣುಬಾಂಬ್ ಸಿಡಿಸುತ್ತಿದೆಯೇ ಎಂದು ಕಾಯಲು ಅಮೆರಿಕ ವೇಲಾ ಉಪಗ್ರಹಗಳನ್ನು ಹಾರಿಸಿತ್ತು. 1967ರ ಜುಲೈ 2ರಂದು ಅವುಗಳಿಗೆ ಸಿಕ್ಕಿದ್ದು ಬಾಂಬಿನದಲ್ಲದ ಗಾಮಾ ಮಿಂಚು. ಮುಂದೆ ಇಂಥವು ಹಲವು ಸಿಕ್ಕವು. ಒಂದು ಉಪಗ್ರಹಕ್ಕೂ ಇನ್ನೊಂದಕ್ಕೂ ಕಿರಣ ತಲುಪಿದ ಸಮಯದ ವ್ಯತ್ಯಾಸ ಅಳೆದಾಗ, ಅವು ಭೂಮಿಯಿಂದಲೂ ಬಂದಿಲ್ಲ, ಸೂರ್ಯನಿಂದಲೂ ಬಂದಿಲ್ಲ ಎಂದು ತಿಳಿಯಿತು. ಲೋಕಕ್ಕೆ ಈ ಸುದ್ದಿ ಸಿಕ್ಕಿದ್ದು 1973ರಲ್ಲಿ.

ಗಾಮಾ ಕಿರಣವನ್ನು ಮಸೂರದಿಂದ ಒಂದೆಡೆ ಕೂಡಿಸಲಾಗದು. ಹಾಗಾಗಿ ಮಿಂಚು ಕಾಣುವುದು ಸುಲಭ, ಎಲ್ಲಿಂದ ಬಂತೆಂದು ಹೇಳುವುದು ಕಷ್ಟ. ಕಾಂಪ್ಟನ್ ವೀಕ್ಷಣಾಲಯ 1991ರಿಂದ 2,704 ಸ್ಫೋಟಗಳನ್ನು ದಾಖಲಿಸಿತು; ಅವು ಆಕಾಶದ ತುಂಬ ಸಮನಾಗಿ ಹರಡಿದ್ದವು. 1997ರ ಫೆಬ್ರವರಿ 28ರಂದು ಬೆಪ್ಪೋಸ್ಯಾಕ್ಸ್ ಉಪಗ್ರಹ ಒಂದು ಸ್ಫೋಟದ ಎಕ್ಸ್-ರೇ ಮರುಬೆಳಕನ್ನು ಹಿಡಿದ ಮೇಲೆಯೇ ದೂರದರ್ಶಕಗಳಿಗೆ ನಿಖರ ಜಾಗ ಸಿಕ್ಕಿತು. ಇವು ದೂರದ ಗೆಲಾಕ್ಸಿಗಳ ಸ್ಫೋಟಗಳೆಂದು ಖಚಿತವಾದದ್ದು ಆ ವರ್ಷವೇ.

ನಮ್ಮ ಭಾರತೀಯರು ಅದಕ್ಕೂ ಮೊದಲೇ ಹೊರಟಿದ್ದರು. ಗಾಮಾ ಸ್ಫೋಟಗಳ ಪತ್ತೆಗೆಂದು ಉಪಕರಣ ಹೊತ್ತ ಸ್ರಾಸ್ ಉಪಗ್ರಹಗಳು 1987ರಲ್ಲಿ ಒಮ್ಮೆ, 1988ರಲ್ಲಿ ಮತ್ತೊಮ್ಮೆ ಎಎಸ್‌ಎಲ್‌ವಿ ರಾಕೆಟ್ಟಿನೊಂದಿಗೇ ನಷ್ಟವಾದವು. 1992ರ ಮೇ 20ರಂದು ಹೋದದ್ದು ತೀರ ಕೆಳಗಿನ ಕಕ್ಷೆ ಸೇರಿ, ಎರಡು ತಿಂಗಳೊಳಗೆ ವಾತಾವರಣಕ್ಕೆ ಮರಳಿತು. 1994ರ ಮೇ 4ರಂದು ಸ್ರಾಸ್-ಸಿ2 ಗೆದ್ದಿತು. ಇಷ್ಟು ಸೋತರೂ ಅದೇ ಪ್ರಯೋಗವನ್ನು ಮತ್ತೆ ಮತ್ತೆ ಕಟ್ಟಿದ ಆ ಛಲಕ್ಕೆ ನಾನು ತಲೆಬಾಗುತ್ತೇನೆ. ಸ್ರಾಸ್-ಸಿ2ರ ದತ್ತಾಂಶ ಬೇರೆ ಬೇರೆ ದೇಶಗಳ ನೌಕೆಗಳು ಸೇರಿ ದಿಕ್ಕು ಹುಡುಕುವ ಜಾಲಕ್ಕೆ ಸೇರಿತು.

ಆಸ್ಟ್ರೋಸ್ಯಾಟ್‌ನ ಸಿಜೆಡ್‌ಟಿಐ ಉಪಕರಣವನ್ನು 2015ರ ಅಕ್ಟೋಬರ್ 6ರಂದು ಚಾಲೂ ಮಾಡಿದ ದಿನವೇ ಒಂದು ಸ್ಫೋಟ ಸಿಕ್ಕಿತು. ಉಪಕರಣ ನೋಡುತ್ತಿದ್ದ ದಿಕ್ಕೇ ಬೇರೆ! ಹೆಚ್ಚು ಶಕ್ತಿಯ ಗಾಮಾ ಕಿರಣ ಅದರ ಪಕ್ಕದ ಗೋಡೆಗಳನ್ನೂ ತೂರಿ ಬರುವುದರಿಂದ, ಅದು ನೇರ ನೋಡದ ಆಕಾಶವನ್ನೂ ಗಮನಿಸುತ್ತದೆ.

ಈ ಗುಣದ ಬೆಲೆ 2017ರ ಜನವರಿಯಲ್ಲಿ ಗೊತ್ತಾಯಿತು. 4ರಂದು ಎರಡು ಕಪ್ಪುರಂಧ್ರಗಳು ಕೂಡಿದ ಗುರುತ್ವದ ಅಲೆ ಅಮೆರಿಕದ ಲೈಗೋ ವೀಕ್ಷಣಾಲಯಕ್ಕೆ ತಾಕಿತು. ಸುಮಾರು ಒಂದು ದಿನ ಕಳೆದು, ಹವಾಯಿಯ ಅಟ್ಲಾಸ್ ದೂರದರ್ಶಕಕ್ಕೆ ಆ ಕಡೆಯೇ ಮಂಕಾಗುತ್ತಿದ್ದ ಚುಕ್ಕಿಯೊಂದು ಕಂಡಿತು. ಕಪ್ಪುರಂಧ್ರಗಳ ಕೂಟದಿಂದಲೂ ಬೆಳಕು ಬಂದಿತೇ? ಸಿಜೆಡ್‌ಟಿಐ ದಾಖಲೆ ತೆರೆದ ಭಾರತೀಯ ವಿಜ್ಞಾನಿಗಳಿಗೆ ಅಲೆ ತಾಕಿದ ಹೊತ್ತಿನಲ್ಲಿ ಏನೂ ಸಿಗಲಿಲ್ಲ. ಸುಮಾರು 21 ಗಂಟೆಗಳ ನಂತರ ಒಂದು ಗಾಮಾ ಸ್ಫೋಟ ಸಿಕ್ಕಿತು. ಚೀನಾದ ಪೋಲಾರ್ ಉಪಕರಣದಲ್ಲೂ ಅದು ದಾಖಲಾಗಿತ್ತು. ಅಟ್ಲಾಸ್ ಕಂಡದ್ದು ಅದರ ಮರುಬೆಳಕು. ಕಪ್ಪುರಂಧ್ರಗಳಿಗೂ ಅದಕ್ಕೂ ಸಂಬಂಧವಿರಲಿಲ್ಲ.